ಘತ್ತರಗಿ ದಾರಿಯ ಮಧ್ಯಾಹ್ನದ ಓಟ

ನಾನು ಹುಟ್ಟಾ ಸಿಟ್ಟಿನ ಮನುಷ್ಯ. ಈ ಸಂಗತಿ ಹೇಳುವಾಗ ನಡುವೆ ಯಾರಾದರೂ ನಕ್ಕರೆ ಎದ್ದು ಹೋಗಿಬಿಡುತ್ತೇನೆ, ಮೊದಲೇ ಹೇಳಿರುತ್ತೇನೆ. ಮೊಮ್ಮಕ್ಕಳಿಗೂ ಹೇಳಿಲ್ಲ. ಹೇಳಿದರೆ ಅವು ಬಾಯಿ ಬಿಟ್ಟುಕೊಂಡು ದೆವ್ವದ ಕಥೆ ಅಂತ ಕೇಳುತ್ತಾವೆ. ಇದು ದೆವ್ವದ ಕಥೆ ಅಲ್ಲರಿ. ಆಗಿದ್ದರೆ ಎಷ್ಟು ಚಲೋ ಇತ್ತು.

ನಿಜಾಮರ ಕಾಲ ಅದು. ನನಗೆ ಹದಿನೆಂಟೋ ಹತ್ತೊಂಬತ್ತೋ. ಹುಟ್ಟಿದ ದಿನ ಬರೆದಿಟ್ಟವರು ಯಾರೂ ಇರಲಿಲ್ಲ. ಪ್ಲೇಗಿನಲ್ಲಿ ಅವ್ವ ಅಪ್ಪ ಇಬ್ಬರೂ ಒಂದೇ ವಾರದಲ್ಲಿ ಹೋದಾಗ ಅಫಜಲಪುರದ ತಾಲೀಮಿನ ವಸ್ತಾದರು ಬಂದು ನನ್ನ ಕೈಹಿಡಿದು ಕರಕೊಂಡು ಹೋದರು. ತಾಲೀಮು ಅಂದರೆ ಕುಸ್ತಿ ಕಲಿಸುವ ಮನೆ, ವಸ್ತಾದರು ಅಂದರೆ ಅಲ್ಲಿಯ ಗುರು. ನಡುವೆ ಕೆಮ್ಮಣ್ಣಿನ ಅಖಾಡ, ಸುತ್ತ ಪಡಸಾಲೆ, ಒಂದು ಗೋಡೆಯಲ್ಲಿ ಹಣಮಪ್ಪನ ಗೂಡು. ಆ ಪಡಸಾಲೆಯೇ ನನ್ನ ಮನೆ. ಊಟ ವಸ್ತಾದರ ಮನೆಯಿಂದ ಬರುತ್ತಿತ್ತು. ಅವರು ಮುಸಲ್ಮಾನರು, ನಮ್ಮ ಜಾತಿಯವರು ಸ್ವಲ್ಪ ದಿನ ಗುರ್ ಅಂದರು. ಹಾಗಾದರೆ ನೀವೇ ಉಣ್ಣಾಕ ಹಾಕ್ರಿ ಅಂತ ನಾನು ಕೇಳಿದ ಮೇಲೆ ಸುಮ್ಮನಾದರು.

ವಸ್ತಾದರಿಗೆ ಐವತ್ತು ದಾಟಿತ್ತು. ಗಟ್ಟಿ ಆಳು, ಆದರೆ ಮೊಣಕಾಲು ನೋವು ಅಂತ ಸದಾ ಗೊಣಗುತ್ತಿದ್ದರು. ಕೋಲು ಊರಿ ನಡೆಯುತ್ತಿದ್ದರು, ಕಟ್ಟೆಯ ಮೇಲೆ ಕುಳಿತೇ ಕುಸ್ತಿಯ ಡಾವು, ಪಟ್ಟು ಹೇಳಿಕೊಡುತ್ತಿದ್ದರು. ಮಧ್ಯಾಹ್ನದ ನಮಾಜು ಮುಗಿಸಿ ಊರ ಹೊರಗಿನ ದರ್ಗಾಕ್ಕೆ ಹೋಗಿ ಕುಳಿತು, ಇಳಿಹೊತ್ತಿಗೆ ತಿರುಗಿ ಬರುವುದು ಅವರ ರೂಢಿ. ಅಲ್ಲಿ ಏನು ಮಾಡುತ್ತಾರೆ ಅಂತ ಯಾರೂ ಕೇಳಿದವರಿಲ್ಲ.

ಸಂಕ್ರಾಂತಿಯ ಆಜುಬಾಜು ಜೇವರ್ಗಿಯಿಂದ ಸುದ್ದಿ ಬಂತು. ಹೋಳಿ ಆದಮೇಲೆ ನೆಲೋಗಿಯಿಂದ ಜೇವರ್ಗಿಯವರೆಗೆ ಓಟ ಇದೆ, ದೊಡ್ಡ ಸಾಹೇಬರು ಕುರ್ಚಿ ಹಾಕಿಸಿಕೊಂಡು ನೋಡುತ್ತಾರೆ, ಗೆದ್ದವನಿಗೆ ರೇಶಿಮೆ ರುಮಾಲು ಸುತ್ತುತ್ತಾರೆ. ನನ್ನ ಕಾಲು ತುರಿಸತೊಡಗಿದವು. ನಾನು ಸಣ್ಣಂದಿನಿಂದ ಓಡುವವನು. ಅವ್ವ ಬುತ್ತಿ ಕೊಟ್ಟು ಹೊಲಕ್ಕೆ ಕಳಿಸಿದರೆ ನಡೆದು ಹೋದದ್ದು ನೆನಪೇ ಇಲ್ಲ. ಆದರೆ ಯುಗಾದಿಗೆ ಆಳಂದದಲ್ಲಿ ನನ್ನ ಕುಸ್ತಿ ನಿಗದಿಯಾಗಿತ್ತು, ಅಲ್ಲಿಯ ಹೆಸರುವಾಸಿ ಪೈಲವಾನನ ಜೋಡಿ. ಎರಡೂ ಬೇಕು ಅಂತ ನನ್ನ ಹಟ. ವಸ್ತಾದರ ಮುಂದೆ ಹೋಗಿ ನಿಂತೆ.

"ವಸ್ತಾದ್ರಿ, ಜೇವರ್ಗಿ ಓಟಕ್ಕ ಹೋಗಬೇಕಂತ ಮಾಡೇನಿ."

"ಎಷ್ಟ ದೂರದ್ದ ಲೇ ಓಟ?"

"ನೆಲೋಗಿಯಿಂದ್ರಿ."

ಅವರು ಕೋಲು ನೆಲಕ್ಕೆ ಕುಟ್ಟಿದರು. "ಓಡು. ಓಡಿ ಹಂಗ ಮುಂದ ಹೋಗಿಬಿಡು. ತಿರುಗಿ ಈ ಹೊಸ್ತಿಲಾ ತುಳೀಬ್ಯಾಡ. ದೂರ ಓಡೋನ ಲಂಗೋಟಿ ಅಖಾಡದಾಗ ಇಳೀಬಾರದು. ಇದು ತಾಲೀಮಿನ ಕಾಯ್ದೆ. ನಾ ಹಾಕಿದ್ದಲ್ಲ, ನನ್ನ ವಸ್ತಾದ ಹಾಕಿದ್ದು. ನನ್ನ ಕಣ್ಣಿಗೆ ಬಿದ್ದಿ ಅಂದ್ರ ಅವತ್ತ ನಿನ್ನ ಹಾಸಿಗಿ ಬೀದ್ಯಾಗ."

ಹಾಸಿಗೆ ಬೀದಿಗೆ ಬಿದ್ದರೆ ನಾನು ಎಲ್ಲಿಗೆ ಹೋಗಲಿ? ಈ ಭೂಮಿಯ ಮೇಲೆ ನನ್ನನ್ನು ಬಾ, ಉಣ್ಣು, ಮಲಗು ಅನ್ನುವ ಜಾಗ ಅದೊಂದೇ. ಹೂಂ ಅಂತ ತಲೆ ತಗ್ಗಿಸಿ ಬಂದೆ. ಬಂದವನು ಸುಮ್ಮನಿದ್ದೆನೇ? ಯಾರ ಕಣ್ಣಿಗೂ ಬೀಳದ ಹೊತ್ತು ಯಾವುದು ಅಂತ ಲೆಕ್ಕ ಹಾಕಿದೆ.

ಅಂಥ ಹೊತ್ತು ನಮ್ಮ ಕಡೆ ಒಂದೇ, ಮಟಮಟ ಮಧ್ಯಾಹ್ನ. ಬೆಳಗಿನ ಜಾವ ಹೊಲಕ್ಕೆ ಹೋಗುವವರಿರುತ್ತಾರೆ, ಸಂಜೆ ದನ ತಿರುಗುತ್ತವೆ. ನಡುಮಧ್ಯಾಹ್ನ ಮಾತ್ರ ಬಯಲಿನಲ್ಲಿ ಯಾರೂ ಕಾಲಿಡುವುದಿಲ್ಲ. ಬಿಸಿಲಿಗೆ ಹೆದರಿ ಅಂತ ಹೊರಗಿನವರು ತಿಳಿಯುತ್ತಾರೆ. ಬಿಸಿಲಿಗೆ ನಮ್ಮವರು ಯಾವಾಗ ಹೆದರಿದ್ದಾರೆ? ಆ ಹೊತ್ತು ಬೇರೆಯವರದು, ಅಷ್ಟೇ.

ಘತ್ತರಗಿ ದಾರಿ ಹಿಡಿದೆ. ಜೋಳ ಕೊಯ್ದು ಮುಗಿದಿತ್ತು. ಕರಿ ಹೊಲ, ಅದರಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು, ಬಿರುಕಿನ ನಡುವೆ ಬಿಳಿ ಕೂಳೆ. ಹಕ್ಕಿಯ ದನಿ ಕೂಡ ಇಲ್ಲ. ನನ್ನ ನೆರಳು ನನ್ನ ಪಾದದಡಿಗೇ ಸೇರಿಬಿಟ್ಟಿತ್ತು. ನನ್ನ ಹೆಜ್ಜೆಯ ಸಪ್ಪಳ ಎಷ್ಟು ದೊಡ್ಡದಾಗಿ ಕೇಳುತ್ತಿತ್ತೆಂದರೆ ಹಿಂದೆ ಯಾರೋ ಬರುತ್ತಿದ್ದಾರೆ ಅಂತ ಎರಡು ಸಲ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಐದನೆಯ ದಿನವೋ ಆರನೆಯ ದಿನವೋ, ಮುಂದೆ ಕಂಡಿತು.

ನಾಲ್ಕು ಹೊಲ ಮುಂದೆ ಅದೇ ದಾರಿಯ ಮೇಲೆ ಒಂದು ಆಕಾರ ಓಡುತ್ತಿತ್ತು. ತಲೆ ಮುಖ ಕುತ್ತಿಗೆ ಎಲ್ಲ ಸೇರಿಸಿ ಬಿಳಿ ಬಟ್ಟೆ ಸುತ್ತಿತ್ತು. ಬಿಸಿಲುಗುದುರೆ ಅದನ್ನು ಮೊಣಕಾಲಿನಿಂದ ಕೆಳಗೆ ನುಂಗಿಬಿಟ್ಟಿತ್ತು. ಕಾಲಿಲ್ಲ, ಆದರೆ ಓಡುತ್ತಿದೆ. ನಾನು ಜೋರು ಮಾಡಿದರೆ ಅದೂ ಜೋರು, ನಾನು ನಿಧಾನಿಸಿದರೆ ಅದೂ ನಿಧಾನ. ನಡುವಿನ ನಾಲ್ಕು ಹೊಲ ನಾಲ್ಕೇ ಉಳಿದವು. ಹಳ್ಳ ಬಂದಾಗ ಅದು ಹಳ್ಳದೊಳಗೆ ಇಳಿಯಿತು. ಆಚೆ ದಂಡೆಗೆ ಹತ್ತಲೇ ಇಲ್ಲ. ನಾನು ಬೇವಿನ ಮರ ಹಿಡಿದುಕೊಂಡು ಬಹಳ ಹೊತ್ತು ಕಾದೆ. ಹಳ್ಳದೊಳಗೆ ಇಣುಕಿ ನೋಡುವ ಧೈರ್ಯ ಆಗಲಿಲ್ಲ, ತಿರುಗಿ ಬಂದೆ.

ಬರುವಾಗ ಧೂಳಿನಲ್ಲಿ ಹೆಜ್ಜೆ ನೋಡಿದೆ. ಬೆರಳು ಮತ್ತು ಅಂಗಾಲಿನ ಮುಂಭಾಗ ಮಾತ್ರ ಮೂಡಿತ್ತು. ಹಿಮ್ಮಡಿ ಒಂದು ಕಡೆಯೂ ಇಲ್ಲ. ನನ್ನ ಹೆಜ್ಜೆ ಪಕ್ಕದಲ್ಲಿಟ್ಟು ನೋಡಿದೆ, ನನ್ನ ಹಿಮ್ಮಡಿ ದುಂಡಗೆ ಕೂತಿತ್ತು. ಆ ಬಿಸಿಲಿನಲ್ಲಿ ನನಗೆ ಛಳಿ ಬಂತು.

ದಾರಿಯ ಪಕ್ಕದ ಕಣದಲ್ಲಿ ಜೋಳದ ರಾಶಿ ಕಾಯುತ್ತ ಒಬ್ಬ ಮುದುಕಿ ಕುಳಿತಿರುತ್ತಿದ್ದಳು. ಆಕೆಯನ್ನು ಕೇಳಿದೆ: "ಆಯಿ, ಈ ದಾರ್ಯಾಗ ಯಾರರ ಓಡತಾರೇನ?"

"ಈ ಹೊತ್ತಿನಾಗ ಓಡೂದು ಮನುಷ್ಯಾ ಅಲ್ಲಪ್ಪಾ," ಅಂದಳು ಆಕೆ, ಎಲೆ ಮಡಚುತ್ತ. "ಹಿಂದಕ ಒಬ್ಬ ಟಪಾಲಿನಾಂವ ಚೀಲಾ ಹೊತ್ಕೊಂಡು ಓಡೂಮುಂದ ಇಲ್ಲೇ ಬಿದ್ದು ಸತ್ತ. ಇನ್ನೂ ಮುಟ್ಟಸಾಕತ್ತಾನ. ನೀ ಅದರ ಹಿಂದ ಇದ್ದರ ಏನೂ ಮಾಡಾಂಗಿಲ್ಲ. ಕರದರ ಮಾತ್ರ ಓ ಅನಬ್ಯಾಡ. ನಿನಗ ಬೇಕಾದವರ ದನೀಲೇ ಕರೀತದ ಅದು. ಆದ್ರ ಒಂದ ಸಲ. ಜೀವ ಇದ್ದಾಂವ ಮೂರ ಸಲ ಕರೀತಾನ. ಮೂರು ಎಣಿಸಿ ಓ ಅನ್ನು."

ಈ ಮಾತು ನನಗೆ ಹೊಸದೇನಲ್ಲ. ನಮ್ಮ ಕಡೆ ಮಕ್ಕಳಿಗೆ ಮಾತು ಬರುವ ಮೊದಲೇ ಇದನ್ನು ಕಲಿಸಿರುತ್ತಾರೆ. ನನ್ನ ಅವ್ವನೂ ಕಲಿಸಿದ್ದಳು. ಹೊರಗಿನಿಂದ ಯಾರಾದರೂ ಒಂದೇ ಸಲ ಕೂಗಿದರೆ ನಾವು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆವು.

ಮರುದಿನ ನಾನು ಹೋಗಬಾರದಿತ್ತು. ಹೋದೆ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಆದರೆ ಒಬ್ಬನೇ ಓಡುವುದು ಎಷ್ಟು ಬೇಸರ ಅಂತ ಓಡಿದವರಿಗೇ ಗೊತ್ತು. ಮುಂದೆ ಒಂದು ಬೆನ್ನು ಇದ್ದರೆ ಕಾಲು ತಾವೇ ಏಳುತ್ತವೆ, ಅದು ದೆವ್ವದ ಬೆನ್ನಾದರೂ ಸರಿ. ದಿನಾ ಹೋದೆ, ದಿನಾ ಅದು ಇರುತ್ತಿತ್ತು. ಒಂದು ದಿನ ಜಾಲಿಮುಳ್ಳು ಹೊಕ್ಕು ನಾನು ಕುಳಿತುಬಿಟ್ಟೆ. ತಲೆ ಎತ್ತಿ ನೋಡಿದರೆ ಅದೂ ನಿಂತಿತ್ತು. ಬೆನ್ನು ನನ್ನ ಕಡೆಗೇ, ನಿಂತಲ್ಲೇ ಮೈ ತೂಗುತ್ತ ಇತ್ತು. ನಾನು ಮುಳ್ಳು ಕಿತ್ತು ಎದ್ದೆ. ಅದು ತಿರುಗಿ ನೋಡದೆ ಓಟ ಶುರು ಮಾಡಿತು. ನಾನು ಎದ್ದದ್ದು ಅದಕ್ಕೆ ಹೇಗೆ ತಿಳಿಯಿತು ಅಂತ ರಾತ್ರಿಯೆಲ್ಲ ಯೋಚನೆ ಹತ್ತಿತ್ತು.

ಮೈಯ ಕಥೆ ಬೇರೆ. ಒಂದೇ ಮೈಯಲ್ಲಿ ಎರಡು ಕಸುಬು ಅಂದರೆ ಏನು ಅಂತ ಕೇಳಬೇಡಿ. ನಸುಕಿನಲ್ಲಿ ಐದುನೂರು ಬೈಠಕ್, ಅದರ ಮೇಲೆ ಜೋಡಿಗಳ ಜೊತೆ ಅಖಾಡದಲ್ಲಿ ಕುಸ್ತಿಯ ಜೋರು. ಮಧ್ಯಾಹ್ನ ಓಟ. ಸಂಜೆ ಮತ್ತೆ ಅಖಾಡ. ಕುಸ್ತಿಗೆ ಹೊಟ್ಟೆ ತುಂಬ ಹಾಲು ರೊಟ್ಟಿ ಬೇಕು, ಓಟಕ್ಕೆ ಹೊಟ್ಟೆ ಖಾಲಿ ಇರಬೇಕು. ಮೊದಲ ವಾರ ಕುಡಿದ ಹಾಲೆಲ್ಲ ಘತ್ತರಗಿ ದಾರಿಗೇ ಚೆಲ್ಲಿದೆ. ಬೈಠಕ್ ಹೊಡೆಯುತ್ತಲೇ ನಿದ್ದೆ ಹೋಗಿ ಮುಗ್ಗರಿಸಿದೆ. ನನಗಿಂತ ಸಣ್ಣವನೊಬ್ಬ ಎತ್ತಿ ಒಗೆದ. ಥೂ, ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಶನಿವಾರಕ್ಕೊಮ್ಮೆ ವಸ್ತಾದರು ನೂಲಿನ ದಾರದಿಂದ ನಮ್ಮೆಲ್ಲರ ತೊಡೆ, ತೋಳು, ಕುತ್ತಿಗೆ ಅಳೆಯುತ್ತಿದ್ದರು. ಒಬ್ಬೊಬ್ಬನಿಗೆ ಒಂದೊಂದು ದಾರ, ಅಳತೆಗೆ ಒಂದು ಗಂಟು. ಗಂಟು ಮುಂದೆ ಹೋಗಬೇಕು, ಹಿಂದೆ ಬರಬಾರದು. ನನ್ನ ತೊಡೆಯ ಗಂಟು ಎರಡು ಬೆರಳು ಹಿಂದೆ ಬಂದಿತ್ತು. ಸಿಕ್ಕಿಬಿದ್ದೆ, ಹಾಸಿಗೆ ಸುತ್ತಬೇಕು ಅಂತ ಕಣ್ಣು ಮುಚ್ಚಿದೆ. ಅವರು ದಾರವನ್ನು ಒಮ್ಮೆ ನೋಡಿ, ಹಳೇ ಗಂಟು ಬಿಚ್ಚಿ, ಹೊಸ ಜಾಗದಲ್ಲಿ ಗಂಟು ಹಾಕಿ ಗೂಟಕ್ಕೆ ತೂಗುಹಾಕಿದರು. ಮರುದಿನದಿಂದ ನನ್ನ ಖುರಾಕು ಬದಲಾಯಿತು. ಮಧ್ಯಾಹ್ನದ ಹಾಲು ಸಂಜೆಗೆ ಹೋಯಿತು, ನಸುಕಿಗೆ ನೆನೆಸಿದ ಬದಾಮಿ ಮತ್ತು ಬೆಲ್ಲ ಬಂತು. ಮುದುಕನಿಗೆ ಕಣ್ಣು ಮಂಜಾಗಿದೆ, ಕೈಗೆ ಬಂದದ್ದು ಕೊಡುತ್ತಾನೆ ಅಂತ ಒಳಗೊಳಗೇ ನಕ್ಕೆ. ಎಂಥ ಕತ್ತೆ ನಾನು!

ಹೊಸ ಖುರಾಕಿಗೆ ಮೈ ಹೊಂದಿಕೊಂಡಿತು. ಶಿವರಾತ್ರಿ ಕಳೆಯುವಷ್ಟರಲ್ಲಿ ಅಖಾಡದಲ್ಲಿ ನನಗಿಂತ ಮೊದಲು ಎಲ್ಲರೂ ಏದುಸಿರು ಬಿಡತೊಡಗಿದರು. ನನ್ನ ಉಸಿರು ಮುಗಿಯುತ್ತಲೇ ಇರಲಿಲ್ಲ. ಒಂದು ಸಂಜೆ ವಸ್ತಾದರು ನನ್ನನ್ನು ಕಟ್ಟೆಗೆ ಕರೆದು ಮೀನಖಂಡಕ್ಕೆ ಎಣ್ಣೆ ಹಚ್ಚಿ ಒತ್ತಿದರು. ಒತ್ತುತ್ತ ಒತ್ತುತ್ತ ಕೈ ಅಲ್ಲೇ ನಿಂತಿತು.

"ಉಸಿರು ಬೆಳದದ ಲೇ ನಿಂದು. ಏನ ಮಾಡಾಕತ್ತಿ?"

"ಬೈಠಕ್ ಹೆಚ್ಚ ಹೊಡ್ಯಾಕತ್ತೇನ್ರಿ."

"ಹೂಂ," ಅಂದರು. "ಹೊಡಿ, ಹೊಡಿ."

ಅತ್ತ ದಾರಿಯ ಮೇಲೆ ನಾಲ್ಕು ಹೊಲ ಮೂರಾಗಿದ್ದವು, ಮೂರು ಎರಡಾಗಿದ್ದವು. ಹತ್ತಿರವಾದಂತೆ ಅದರ ಉಸಿರಿನ ಸಪ್ಪಳ ಕೇಳತೊಡಗಿತು. ದೆವ್ವಕ್ಕೆ ಉಸಿರು ಯಾಕೆ ಬೇಕು ಅಂತ ನನಗೆ ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಟಪಾಲಿನವನು ಉಸಿರುಗಟ್ಟಿ ಸತ್ತಿದ್ದಾನೆ, ಸತ್ತ ಮೇಲೂ ಅದೇ ಉಸಿರು ಎಳೆಯುತ್ತಿದ್ದಾನೆ ಅಂತ ನಾನೇ ಅರ್ಥ ಮಾಡಿಕೊಂಡು ಇನ್ನಷ್ಟು ಹೆದರಿದೆ.

ಹೋಳಿ ಮುಗಿದ ಎರಡನೆಯ ದಿನ. ಜೇವರ್ಗಿಯ ಓಟಕ್ಕೆ ಇನ್ನು ಎರಡೇ ದಿನ ಉಳಿದಿತ್ತು. ಬಿಸಿಲು ಒಮ್ಮೆಲೇ ಏರಿತ್ತು. ನೆಲ ಕಾಲು ಇಡಗೊಡುತ್ತಿರಲಿಲ್ಲ. ಕಣದ ಮುದುಕಿ ರಾಶಿ ಮುಗಿಸಿ ಹೋಗಿಬಿಟ್ಟಿದ್ದಳು. ದಾರಿಯಲ್ಲಿ ನಾನು ಮತ್ತು ಅದು, ಇಬ್ಬರೇ. ಅವತ್ತು ಕಣ್ಣ ಮುಂದೆಯೇ ನಡುವಿನ ದೂರ ಕರಗತೊಡಗಿತು. ಒಂದು ಹೊಲ. ಆಮೇಲೆ ಅರ್ಧ ಹೊಲ. ನನ್ನ ಕಾಲು ಗೆದ್ದವು ಅಂತ ಒಂದು ಕ್ಷಣ ಹಿಗ್ಗಿದೆ. ಆಮೇಲೆ ನೋಡಿದರೆ ಅದರ ಓಟ ವಾಲುತ್ತಿತ್ತು. ದಾರಿಯ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಹೋಗಿ, ನಿಂತಿತು. ನಿಂತು, ಅಷ್ಟು ದಿನದಲ್ಲಿ ಮೊದಲ ಸಲ, ನನ್ನ ಕಡೆ ತಿರುಗಿತು.

ಮುಖದ ಮೇಲೆ ಬಟ್ಟೆ ಹಾಗೇ ಇತ್ತು. ಅದು ದಾರಿಯ ನಡುವೆ ಕುಸಿದು ಕುಳಿತಿತು. ಬಲಗೈ ಮೇಲೆತ್ತಿತು.

"ಬೇಟಾ!"

ನಮ್ಮ ವಸ್ತಾದರ ದನಿ. ಪ್ಲೇಗಿನ ಮನೆಯಿಂದ ನನ್ನನ್ನು ಕರೆದೊಯ್ದಾಗ ಹೀಗೇ ಕರೆದಿದ್ದರು. ಕಾಲು ಅದರ ಕಡೆಗೆ ಒಂದು ಹೆಜ್ಜೆ ಇಟ್ಟೇಬಿಟ್ಟವು. ಆಗ ತಲೆಯೊಳಗೆ ಮುದುಕಿ ಮಾತಾಡಿದಳು, ಅವ್ವ ಮಾತಾಡಿದಳು. ಬೇಕಾದವರ ದನಿಯಲ್ಲೇ ಕರೆಯುತ್ತದೆ. ಕೈಬೆರಳು ಮಡಚಿದೆ. ಒಂದು.

ಎರಡನೆಯದಕ್ಕೆ ಕಾದೆ. ಖರೇ ಹೇಳುತ್ತೇನೆ, ಕಾದೆ. ಎರಡು ಕೇಳಿದ್ದರೆ ಮೂರಕ್ಕೂ ಕಾಯದೆ ಓಡಿಹೋಗುತ್ತಿದ್ದೆನೋ ಏನೋ. ಗಾಳಿ ಇಲ್ಲ, ಎಲೆ ಅಲ್ಲಾಡಲಿಲ್ಲ. ಎತ್ತಿದ ಕೈ ಅಲ್ಲೇ ಇತ್ತು. ನನ್ನ ಮೈಯ ಬೆವರು ಒಣಗಿ ಉಪ್ಪಾಯಿತು. ಅದು ಮತ್ತೆ ಕೂಗಲಿಲ್ಲ. ಕೈ ಮೆಲ್ಲಗೆ ಕೆಳಗಿಳಿಯಿತು. ನಾನು ತಿರುಗಿ ಊರ ಕಡೆ ಓಡಿದೆ. ಅವತ್ತು ಓಡಿದಂತೆ ಜನ್ಮದಲ್ಲಿ ಓಡಿಲ್ಲ.

ತಾಲೀಮಿಗೆ ಬಂದು ಕೊಡದಲ್ಲಿದ್ದ ನೀರೆಲ್ಲ ಕುಡಿದೆ. ಸಂಜೆಯ ಹೊತ್ತಾದರೂ ವಸ್ತಾದರು ಬರಲಿಲ್ಲ. ನನಗೆ ಏನನ್ನಿಸಿತು ಹೇಳಲೇ? ಸಮಾಧಾನ ಅನ್ನಿಸಿತು. ಓಡಿ ಓಡಿ ಕಾಲು ಕಲ್ಲಾಗಿದ್ದವು, ಇವತ್ತು ಒತ್ತಿ ನೋಡಿದ್ದರೆ ಗೊತ್ತು ಹಿಡಿಯುತ್ತಿದ್ದರು, ಬರದಿದ್ದದ್ದು ಒಳ್ಳೆಯದಾಯಿತು ಅಂದುಕೊಂಡೆ.

ಹೊತ್ತು ಮುಳುಗುವಾಗ ಒಂದು ಚಕ್ಕಡಿ ತಾಲೀಮಿನ ಮುಂದೆ ನಿಂತಿತು. ಘತ್ತರಗಿಯ ದೇವಿ ಭಾಗ್ಯವಂತಿಗೆ ಹರಕೆ ಒಪ್ಪಿಸಿ ತಿರುಗಿ ಬರುತ್ತಿದ್ದ ಮಂದಿ. "ನಿಮ್ಮ ವಸ್ತಾದ್ರ ಹೌದಲ್ಲ ನೋಡ್ರಿ," ಅಂದರು. "ದಾರೀ ನಡುವ ಕುಂತ್ಹಂಗ ಇದ್ರು. ನಾವು ಎತ್ತಿದಾಗ ಮೈ ಇನ್ನಾ ಬೆಚ್ಚಗಿತ್ತು, ಊರು ಮುಟ್ಟೂದರಾಗ ಜೀವ ಹೋತು." ಚಕ್ಕಡಿಯ ಹುಲ್ಲಿನ ಮೇಲೆ ವಸ್ತಾದರು ಮಲಗಿದ್ದರು. ಕುತ್ತಿಗೆಯ ಸುತ್ತ ಬಿಳಿ ಬಟ್ಟೆ. ಪಾದ ನನ್ನ ಕಡೆಗಿದ್ದವು. ಬೆರಳ ಬುಡದಲ್ಲಿ ಚರ್ಮ ಚಪ್ಪಲಿಯ ತಳದಷ್ಟು ದಪ್ಪಗಿತ್ತು, ಹಿಮ್ಮಡಿ ಮೆತ್ತಗೆ, ಒಂದು ಬಿರುಕೂ ಇರಲಿಲ್ಲ.

ಬಿಸಿಲು ಬಡಿದು ಹೋದರು ಅಂತ ಊರು ಮಾತಾಡಿತು. ಈ ವಯಸ್ಸಿನಲ್ಲಿ ಅಷ್ಟು ದೂರ ಯಾಕೆ ನಡೆದುಹೋದರೋ ಅಂತ ಅಂದರು. ಮರುದಿನ ಹೆಗಲು ಕೊಟ್ಟೆ, ಮೂರು ಹಿಡಿ ಮಣ್ಣು ಹಾಕಿದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳುತ್ತಾರೆ, ಈಗ ಕೇಳುತ್ತಾರೆ ಅಂತ ಕಾದು ಕಾದು ನನ್ನ ಹಲ್ಲು ಕಟ್ಟಿಹೋಗಿತ್ತು.

ಮೂರನೆಯ ದಿನ ಸತ್ತವರ ಹೆಸರಿನ ಜಿಯಾರತ್ ಊಟ. ಅದೇ ದಿನ ಜೇವರ್ಗಿಯ ಓಟ. ನಾನು ಪಡಸಾಲೆಯ ಕಂಬಕ್ಕೆ ಒರಗಿ ಹೊತ್ತು ಏರುವುದನ್ನು ನೋಡುತ್ತ ಕುಳಿತೆ. ಈಗ ನೆಲೋಗಿ ಬಿಟ್ಟಿರಬೇಕು, ಈಗ ಅರ್ಧ ದಾರಿ, ಈಗ ಮುಗಿದಿರಬೇಕು. ಎಲ್ಲರೂ ಉಂಡು ಹೋದಮೇಲೆ ಚಾಚಿ, ಅಂದರೆ ವಸ್ತಾದರ ಹೆಂಡತಿ, ಹೇಳಿಕಳಿಸಿದಳು. ಹೋದೆ. ಗಂಡ ಸತ್ತವಳು, ಹೊರಗಿನ ಗಂಡಸರಿಗೆ ಮುಖ ತೋರಿಸದ ಇದ್ದತ್ತಿನಲ್ಲಿ ಕೂತಿದ್ದಳು. ನಡುಮನೆಯ ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ನನಗೆ ದನಿ ಮಾತ್ರ ಕೇಳುತ್ತಿತ್ತು.

"ಜೇವರ್ಗಿಗೆ ಯಾಕ ಹೋಗಲಿಲ್ಲ ಬೇಟಾ?"

"ನಿಮಗ ಯಾರ ಹೇಳಿದ್ರು ಚಾಚಿ?"

"ಅವರ ಹೇಳ್ಯಾರ. ಮತ್ಯಾರ ಹೇಳತಾರ?" ಅಳು ಇರಲಿಲ್ಲ ಆ ದನಿಯಲ್ಲಿ, ಮನೆಯ ಮಾತು ಹೇಳಿದಂತೆ ಹೇಳುತ್ತಿದ್ದಳು. "ದಿನಾ ಬಂದು ಕಾಲಿಗೆ ಬಿಸಿನೀರು ಹಾಕ್ಕೊಂತ ನಿಂದ ಸುದ್ದಿ. ಪೋರ ಇವತ್ತ ಇಷ್ಟ ಹತ್ತರ ಬಂದ, ಇವತ್ತ ಇಷ್ಟ ಬಂದ ಅಂತ ಹಿಗ್ಗತಿದ್ರು. ಲಗ್ನಕ್ಕ ಮೊದಲ ಟಪಾಲು ಓಡಿದ ಕಾಲ ಅವು. ಈ ಊರಾಗ ಯಾರಿಗೂ ಹೇಳಿರಲಿಲ್ಲ, ಮೊಣಕಾಲು ನೋವಂತ ಸುಳ್ಳ ಕೋಲು ಹಿಡಿದು ತಿರಗತಿದ್ರು. ಈ ವಯಸ್ಸಿನಾಗ ಬ್ಯಾಡ್ರಿ ಅಂದೆ. ಅದಕ್ಕ ಅವರು, ನನ್ನ ಬಾಯಿಲೇ ಓಡು ಅಂದ್ರ ತಾಲೀಮಿನ ಕಾಯ್ದೆ ಮುರೀತದ, ಸುಮ್ಮ ಮುಂದ ಓಡಿದ್ರ ಯಾರ ಏನಂತಾರ, ಅಂದ್ರು. ಅವತ್ತ ಹೋಗೂಮುಂದ, ಇವತ್ತ ನಿಂತು ಅವನ್ನ ಕೂಡಸ್ಕೋತೇನಿ, ಓಟದ ಬಗ್ಗೆ ಎರಡ ಮಾತು ಹೇಳೂದದ, ಅಂದು ಹೋದ್ರು."

ನಾನು ಪರದೆಯ ಅಂಚು ನೋಡುತ್ತ ಕುಳಿತೆ. ಒಳಗೆ ಬಳೆ ಇಲ್ಲದ ಕೈ ತಾಟು ಸರಿಸಿದ ಸಪ್ಪಳ ಕೇಳಿತು. ಆಮೇಲೆ ಕೇಳಿದಳು.

"ನೀ ಅವತ್ತ ಓಡಾಕ ಹೋಗಿರಲಿಲ್ಲ, ಹೌದಲ್ಲೋ?"

"ಇಲ್ಲ ಚಾಚಿ. ಹೋಗಿರಲಿಲ್ಲ."

"ನನಗ ಗೊತ್ತಿತ್ತು," ಅಂದಳು. "ನೀ ಇದ್ದಿದ್ರ ಅವರನ್ನ ಹೆಗಲ ಮ್ಯಾಲ ಹೊತ್ಕೊಂಡು ಬರ್ತಿದ್ದಿ."

ಪರದೆಯ ಕೆಳಗಿಂದ ತಾಟು ನನ್ನ ಮುಂದೆ ಬಂತು. ಉಣ್ಣು ಅಂದಳು. ನಾನು ಉಂಡೆ.